ಕಾದ ಟ್ರಾಕ್ಟರು: ಇಂಜಿನ್ನು ತಣಿಸುವ ವಿದ್ಯೆ ಬೆಳೆದು ಬಂದ ಬಗೆ



ಹದ ಬಂದ ಹೊಲದಲ್ಲಿ ನಾಲ್ಕು ಸಾಲು ಉಳುವಷ್ಟರಲ್ಲಿ ಹಳೆಯ ಟ್ರಾಕ್ಟರಿನ ರೇಡಿಯೇಟರಿನಿಂದ ಬುಸ್ಸೆಂದು ಹಬೆ ಏಳುತ್ತದೆ. "ಗಾಡಿ ಹಳೇದಾಯ್ತು, ಇನ್ನೇನು ಮಾಡೋಕಾಗುತ್ತೆ" ಅಂತ ಒಂದು ಕೊಡ ನೀರು ಸುರಿದು ಮತ್ತೆ ಉಳುವವರೇ ಹೆಚ್ಚು. ಹೀಗೇ ನಡೆಸಿದರೆ ಒಂದು ದಿನ ಹೆಡ್ಡು ಬಿರಿಯುತ್ತದೆ, ಇಲ್ಲವೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಹದವೂ ಹೋಯಿತು, ಹಣವೂ ಹೋಯಿತು.

ಇಂಜಿನ್ನು ಬರಿಯ ಮುಪ್ಪಿನಿಂದ ಕಾಯುವುದಿಲ್ಲ. ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಇಂಜಿನ್ನನ್ನು ತಣಿಸುವ ಭಾಗಗಳು ಒಂದೇ ದಿನ ಹುಟ್ಟಿದವಲ್ಲ. ಒಂದೊಂದು ತೊಂದರೆ ಕಂಡಂತೆ ಒಂದೊಂದು ಭಾಗ ಸೇರಿತು. ಆ ಚರಿತ್ರೆಯನ್ನು ಅನುಸರಿಸಿ ಒಂದೊಂದನ್ನೇ ನೋಡುತ್ತ ಹೋದರೆ ದೋಷ ಕೈಗೆ ಸಿಕ್ಕುತ್ತದೆ.

ಮೊದಲು ಇದ್ದದ್ದು ಬರೀ ನೀರು. ಹಳೆಯ ಎಣ್ಣೆ ಇಂಜಿನ್ನುಗಳಲ್ಲಿ ಸಿಲಿಂಡರಿನ ಸುತ್ತ ಒಂದು ತೊಟ್ಟಿ ಇರುತ್ತಿತ್ತು. ನೀರು ಕುದಿದು ಹಬೆಯಾಗಿ ಹೋಗುವಾಗ ಶಾಖವನ್ನೂ ಹೊತ್ತೊಯ್ಯುತ್ತಿತ್ತು. ಜರ್ಮನಿಯ ಮಾನ್‌ಹೈಮಿನಲ್ಲಿ 1921ರಲ್ಲಿ ತಯಾರಾದ ಲಾಂಟ್ಸ್ ಬುಲ್‌ಡಾಗ್ ಟ್ರಾಕ್ಟರಿನಲ್ಲೂ ಇದೇ ಪದ್ಧತಿ. ಮತ್ತೆ ಮತ್ತೆ ನೀರು ತುಂಬುವುದೇ ಅದನ್ನು ನಡೆಸುವವನ ಕೆಲಸ. ಆದ್ದರಿಂದ ನಮ್ಮ ಮೊದಲನೆಯ ಪರೀಕ್ಷೆಯೂ ನೀರೇ. ನೀರು ಎಷ್ಟಿದೆ, ಎಲ್ಲಿ ಜಿನುಗುತ್ತಿದೆ ನೋಡಿ.

ಎರಡನೆಯದು ನೀರಿನ ಸುತ್ತಾಟ. ಅಮೆರಿಕದ ಹೆನ್ರಿ ಫೋರ್ಡ್ 1917ರಲ್ಲಿ ಹೊರತಂದ ಫೋರ್ಡ್‌ಸನ್ ಟ್ರಾಕ್ಟರಿನಲ್ಲಿ ರೇಡಿಯೇಟರು ಇತ್ತು, ಆದರೆ ನೀರು ತಳ್ಳುವ ಪಂಪು ಇರಲಿಲ್ಲ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಮೇಲೇರುತ್ತದಲ್ಲವೆ? ಅದೇ ನಿಯಮ ಇಲ್ಲಿಯೂ. ಕಾದ ನೀರು ಮೇಲಿನ ಪೈಪಿನಿಂದ ರೇಡಿಯೇಟರಿಗೆ ಹೋಗಿ, ತಣಿದು, ಕೆಳಗಿನ ಪೈಪಿನಿಂದ ಇಂಜಿನ್ನಿಗೆ ಮರಳುತ್ತದೆ. 1934ರ ಜಾನ್ ಡಿಯರ್ 'ಎ' ಟ್ರಾಕ್ಟರಿನಲ್ಲೂ ಹೀಗೆಯೇ. ಇಂಥ ಗಾಡಿಯಲ್ಲಿ ನೀರು ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಸಾಕು, ರೇಡಿಯೇಟರಿನಲ್ಲಿ ಮುಕ್ಕಾಲು ಪಾಲು ನೀರಿದ್ದರೂ ಸುತ್ತಾಟ ನಿಂತುಬಿಡುತ್ತದೆ.

ಗಡಸು ನೀರು ಇನ್ನೊಂದು ಶತ್ರು. ಹಂಡೆಯ ತಳಕ್ಕೆ ಕಟ್ಟುವ ಬಿಳಿಯ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಇಂಜಿನ್ನು ನಿಲ್ಲಿಸಿ, ಸ್ವಲ್ಪ ಆರಿದ ಮೇಲೆ ರೇಡಿಯೇಟರನ್ನು ಅಲ್ಲಲ್ಲಿ ಮುಟ್ಟಿ ನೋಡಿ. ಸುತ್ತಲೂ ಬಿಸಿಯಿದ್ದು ನಡುವೆ ಒಂದು ಕಡೆ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆ ಕಟ್ಟಿದೆ ಎಂದು ತಿಳಿಯಿರಿ. ಕೊಳವೆಬಾವಿಯ ಗಡಸು ನೀರಿಗಿಂತ ಸೋಸಿದ ಮಳೆನೀರು ಲೇಸು.

ಮೂರನೆಯದು ಗಾಳಿ. ಒಕ್ಕಣೆ ಕಾಲದಲ್ಲಿ ಹೊಟ್ಟು, ಧೂಳು ರೇಡಿಯೇಟರಿನ ತಗಡುಗಳ ನಡುವೆ ತುಂಬುತ್ತದೆ. ಇಂಜಿನ್ನಿನ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ. ಸೀಮೆಎಣ್ಣೆಯಿಂದ ನಡೆಯುತ್ತಿದ್ದ ಹಳೆಯ ಟ್ರಾಕ್ಟರುಗಳಿಗೆ ಬೇಗ ಬಿಸಿಯಾಗಲೆಂದು ರೇಡಿಯೇಟರಿನ ಮುಂದೆ ಪರದೆ ಇರುತ್ತಿತ್ತು. ಅದನ್ನು ತೆಗೆಯಲು ಮರೆತರೂ ಇಂಜಿನ್ನು ಕಾಯುತ್ತದೆ.

ನಾಲ್ಕನೆಯದು ಪಂಪು ಮತ್ತು ಥರ್ಮೋಸ್ಟಾಟು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಸಣ್ಣ ಫರ್ಗ್ಯುಸನ್ ಟ್ರಾಕ್ಟರಿನಲ್ಲಿ ಇವೆರಡೂ ಇದ್ದವು. ಪಂಪನ್ನು ತಿರುಗಿಸುವುದು ಬೆಲ್ಟು. ಅದು ಸಡಿಲವಾದರೆ ನೀರು ಓಡುವುದಿಲ್ಲ. ಥರ್ಮೋಸ್ಟಾಟು ಎಂದರೆ ನೀರಿನ ದಾರಿಗೆ ಇಟ್ಟ ಬಾಗಿಲು. ನೀರು ಕಾದಾಗ ತಾನೇ ತೆರೆಯುತ್ತದೆ. ಅನುಮಾನ ಬಂದರೆ ಬಿಚ್ಚಿ, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವ ಮೊದಲೇ ಅದು ತೆರೆದುಕೊಳ್ಳಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ಕಿತ್ತೆಸೆದು ಗಾಡಿ ಓಡಿಸಬೇಡಿ. ಇಂಜಿನ್ನು ತಕ್ಕ ಬಿಸಿಗೆ ಬಾರದೆ ಇಂಧನ ಹೆಚ್ಚು ಕುಡಿದು ಬೇಗ ಸವೆಯುತ್ತದೆ.

ಐದನೆಯದು ಒತ್ತಡದ ಮುಚ್ಚಳ. ಚದರ ಅಂಗುಲಕ್ಕೆ 7 ಪೌಂಡು ಒತ್ತಡ ತಡೆಯುವ ಮುಚ್ಚಳವಿದ್ದರೆ ನೀರು 100 ಡಿಗ್ರಿಯ ಬದಲು ಸುಮಾರು 110 ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುತ್ತದೆ. ಅದರ ರಬ್ಬರು ಬಿರಿದಿದ್ದರೆ ಈ ಅನುಕೂಲ ಹೋಯಿತು. ಕಾದ ಗಾಡಿಯ ಮುಚ್ಚಳವನ್ನು ಮಾತ್ರ ಎಂದಿಗೂ ತೆಗೆಯಬೇಡಿ. ಒತ್ತಡ ಬಿಟ್ಟೊಡನೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಇವೆಲ್ಲ ಸರಿಯಿದ್ದೂ ಕಾದರೆ ದೋಷ ಒಳಗಿದೆ. ಆರಿದ ಇಂಜಿನ್ನಿನ ಮುಚ್ಚಳ ತೆಗೆದು ಶುರು ಮಾಡಿ. ನೀರಿನಲ್ಲಿ ಬಿಡದೆ ಗುಳ್ಳೆ ಬಂದರೆ, ಇಲ್ಲವೆ ಇಂಜಿನ್ ಆಯಿಲು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ನಮ್ಮ ದೇಶದ ಚರಿತ್ರೆಯಲ್ಲಿ ಇನ್ನೊಂದು ದಾರಿಯೂ ಉಂಟು. ಫರೀದಾಬಾದಿನಲ್ಲಿ 1959ರಲ್ಲಿ ಹೊರಬಂದ ಐಷರ್ ಟ್ರಾಕ್ಟರಿಗೆ ನೀರೇ ಬೇಡ, ಗಾಳಿಯಿಂದಲೇ ತಣಿಯುತ್ತಿತ್ತು. ಅಂಥದ್ದು ಕಾದರೆ ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ಕೊಳೆಯನ್ನೂ ಬೀಸಣಿಗೆಯ ಬೆಲ್ಟನ್ನೂ ನೋಡಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಜೆಕೊಸ್ಲೊವಾಕಿಯದ ಜೆಟರ್ ನೆರವಿನಿಂದ ಪಿಂಜೋರಿನಲ್ಲಿ ಟ್ರಾಕ್ಟರು ತಯಾರಿಸತೊಡಗಿತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ತಯಾರಿಕೆ ನಿಂತ ಗಾಡಿಯ ಹೆಡ್ಡು ಒಡೆದರೆ ಬಿಡಿಭಾಗ ಹುಡುಕುವುದೇ ಒಂದು ಪಾಡು. ಅಂಥ ಗಾಡಿ ಇದ್ದವರು ಇನ್ನಷ್ಟು ಎಚ್ಚರವಾಗಿರಬೇಕು.

ಕೊನೆಯ ಮಾತು. ಗಾಡಿ ಕಾದೊಡನೆ ನೇಗಿಲು ಎತ್ತಿ. ನೀರಿದ್ದರೆ ಇಂಜಿನ್ನನ್ನು ಎರಡು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸಿ. ನೀರು ಪೂರ್ತಿ ಬತ್ತಿದ್ದರೆ ಕೂಡಲೇ ನಿಲ್ಲಿಸಿ. ಚೆನ್ನಾಗಿ ಆರುವವರೆಗೆ ತಣ್ಣೀರು ಹೊಯ್ಯಬೇಡಿ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರಿಯುತ್ತದೆ. ಆಮೇಲೆ ನೀರು, ಸುತ್ತಾಟ, ಗಾಳಿ, ಪಂಪು, ಮುಚ್ಚಳ — ಈ ಕ್ರಮದಲ್ಲಿ ನೋಡಿ. ಅರ್ಧ ದಿನದ ತಾಳ್ಮೆ ಒಂದು ಇಂಜಿನ್ನನ್ನೇ ಉಳಿಸೀತು.