ಮಾಲ್ಡೀವ್ಸಿನ ಶಾರ್ಕುಗಳು: ಎಣ್ಣೆಯಿಂದ ಪ್ರವಾಸೋದ್ಯಮದವರೆಗೆ

ಮಾಲ್ಡೀವ್ಸಿನ ಬಹುತೇಕ ದ್ವೀಪಗಳು ಅಟಾಲುಗಳಲ್ಲಿ, ಅಂದರೆ ಆಳವಿಲ್ಲದ ಒಳಗಡಲನ್ನು ಬಳಸಿ ನಿಂತ ಉಂಗುರಾಕಾರದ ಹವಳದ ದಿಬ್ಬಗಳಲ್ಲಿ, ಹರಡಿಕೊಂಡಿವೆ. ಅಲ್ಲಿನ ಜನರ ಮುಖ್ಯ ಬದುಕು ಬಹುಕಾಲ ಟ್ಯೂನಾ ಮೀನುಗಾರಿಕೆಯೇ ಆಗಿತ್ತು. ನಮ್ಮ ಕರಾವಳಿಯವರು ತಾಟೆ ಎಂದು ಕರೆಯುವ ಶಾರ್ಕನ್ನು ಅವರು ಹಿಡಿಯುತ್ತಿದ್ದುದು ಊಟಕ್ಕಿಂತ ಹೆಚ್ಚಾಗಿ ಎಣ್ಣೆಗಾಗಿ. ದೊಡ್ಡ ಗಾಳಕ್ಕೆ ಬಿದ್ದ ಹುಲಿ ಶಾರ್ಕಿನ ಯಕೃತ್ತು ತುಂಬಾ ದೊಡ್ಡದು. ಅದರಿಂದ ಇಳಿಸಿದ ಎಣ್ಣೆಯನ್ನು ಧೋನಿ ಎಂಬ ಮರದ ದೋಣಿಯ ಹಲಗೆಗಳಿಗೆ ಬಳಿದರೆ ಉಪ್ಪುನೀರಿನಲ್ಲಿ ಮರ ಬೇಗ ಕೆಡುತ್ತಿರಲಿಲ್ಲ. ದೋಣಿಗಳಿಗೆ ಬೇಕಾದಷ್ಟು ಎಣ್ಣೆ ಸಿಕ್ಕಿದರೆ ಸಾಕಾಗಿದ್ದರಿಂದ ಬೇಟೆಗೂ ತಾನಾಗಿಯೇ ಒಂದು ಮಿತಿ ಇತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊರಗಿನ ಮಾರುಕಟ್ಟೆ ಈ ಮಿತಿಯನ್ನು ತೆಗೆದುಹಾಕಿತು. ಉಪ್ಪು ಹಾಕಿ ಒಣಗಿಸಿದ ಮಾಂಸ ಶ್ರೀಲಂಕೆಗೂ, ಸೂಪಿಗೆ ಬೇಕಾದ ರೆಕ್ಕೆಗಳು ಪೂರ್ವ ಏಷ್ಯಾದ ಪೇಟೆಗಳಿಗೂ ಹೋಗತೊಡಗಿದವು. ಬಲೆ ಮತ್ತು ಉದ್ದಗಾಳಗಳು ಹವಳದ ದಿಬ್ಬಗಳ ಅಂಚಿಗೇ ಬಂದವು. 1980ರ ಸುಮಾರಿಗೆ ಶುರುವಾದ ಗಲ್ಪರ್ ಶಾರ್ಕಿನ ಬೇಟೆ ಇನ್ನೂ ಬಿರುಸಾಗಿತ್ತು. ನೂರಾರು ಮೀಟರ್ ಆಳದಲ್ಲಿ ಬದುಕುವ ಈ ಜಾತಿಯ ಯಕೃತ್ತಿನಲ್ಲಿ, ಸೌಂದರ್ಯವರ್ಧಕಗಳಲ್ಲಿ ಬಳಕೆಯಾಗುವ ಸ್ಕ್ವಾಲೀನ್ ಎಂಬ ತೈಲಾಂಶ ಹೇರಳವಾಗಿರುತ್ತದೆ. ಆದರೆ ಅದು ಬಹಳ ನಿಧಾನವಾಗಿ ಬೆಳೆದು, ಒಂದು ಬಸಿರಿಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುವುದರಿಂದ, ಕೆಲವೇ ವರ್ಷಗಳಲ್ಲಿ ಗಾಳಗಳು ಬರಿದಾಗಿ ಮೇಲೆ ಬರತೊಡಗಿದವು.

ಶಾರ್ಕಿಗೆ ಜೀವಂತವಾಗಿಯೂ ಬೆಲೆಯುಂಟೆಂದು ತೋರಿಸಿದ್ದು 1972ರಲ್ಲಿ ಆರಂಭವಾದ ಪ್ರವಾಸೋದ್ಯಮ. ಆರಿ ಅಟಾಲಿನ ಫಿಶ್ ಹೆಡ್ ಎಂಬ ಮುಳುಗುದಿಬ್ಬದಲ್ಲಿ, ನೀರಿನ ಸೆಳೆತಕ್ಕೆ ಎದುರಾಗಿ ನಿಲ್ಲುವ ಬೂದುಬಣ್ಣದ ದಿಬ್ಬದ ಶಾರ್ಕುಗಳನ್ನು ನೋಡಲೆಂದೇ ಮುಳುಗುಗಾರರು ಬರುತ್ತಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಚಾರ್ಲ್ಸ್ ಆ್ಯಂಡರ್ಸನ್ ಮತ್ತು ಹುಧಾ ಅಹ್ಮದ್ ಅವರು ಹಾಕಿದ ಲೆಕ್ಕದ ಪ್ರಕಾರ, ಬದುಕಿರುವ ಅಂಥ ಒಂದು ಶಾರ್ಕು ಮುಳುಗುತಾಣದಲ್ಲಿ ವರ್ಷಕ್ಕೆ ಸರಾಸರಿ 3,300 ಡಾಲರ್ ತರುತ್ತಿತ್ತು, ಸತ್ತದ್ದು ಮೀನುಗಾರನಿಗೆ ಒಮ್ಮೆ 32 ಡಾಲರ್ ತರುತ್ತಿತ್ತು. ಮುಂದಿನ ಕಾನೂನುಗಳಿಗೆ ಈ ಎರಡು ಅಂಕಿಗಳೂ ಆಧಾರವಾದವು. 1995ರಲ್ಲಿ ಫಿಶ್ ಹೆಡ್ ಸಂರಕ್ಷಿತ ತಾಣವಾಯಿತು. 1998ರಲ್ಲಿ ಪ್ರವಾಸಿಗರ ಏಳು ಅಟಾಲುಗಳಲ್ಲಿ ಶಾರ್ಕು ಬೇಟೆಗೆ ಹತ್ತು ವರ್ಷಗಳ ನಿಷೇಧ ಬಂತು. 2009ರಲ್ಲಿ ದಿಬ್ಬದ ಶಾರ್ಕುಗಳಿಗೂ, 2010ರಲ್ಲಿ ಎಲ್ಲ ಶಾರ್ಕುಗಳಿಗೂ ರಕ್ಷಣೆ ದೊರೆಯಿತು. ಇಡೀ ಸಮುದ್ರವಲಯವನ್ನು ಶಾರ್ಕುಧಾಮವೆಂದು ಮೊದಲು ಸಾರಿದ್ದು ಪೆಸಿಫಿಕ್‌ನ ಪಲಾವು, 2009ರಲ್ಲಿ. ಮಾಲ್ಡೀವ್ಸ್ ಅದರ ಬೆನ್ನಿಗೇ ಬಂತು.

ಈ ಲೆಕ್ಕದಲ್ಲಿ ಒಂದು ಅಂಶ ಮಸುಕಾಗಿಯೇ ಉಳಿಯಿತು. 3,300 ಡಾಲರ್ ಬೀಳುತ್ತಿದ್ದುದು ರೆಸಾರ್ಟು ಮತ್ತು ಮುಳುಗುಶಾಲೆಗಳ ಗಲ್ಲಾಪೆಟ್ಟಿಗೆಗೆ, ಹೋಗುತ್ತಿದ್ದುದು ಮಾತ್ರ ದೂರದ ಅಟಾಲಿನ ಮೀನುಗಾರನ 32 ಡಾಲರ್. ಬೇಟೆಯ ಸಲಕರಣೆಗಳನ್ನು ಸರ್ಕಾರ ಕೊಂಡುಕೊಳ್ಳುವ ಏರ್ಪಾಡು ಇತ್ತಾದರೂ, ಕಸುಬು ಕಳೆದುಕೊಂಡವನಿಗೆ ಅದು ಸಾಲುವ ಪರಿಹಾರವೆನ್ನಲಾಗದು.

58 ದೇಶ ಹಾಗೂ ಪ್ರಾಂತ್ಯಗಳ 371 ಹವಳದ ದಿಬ್ಬಗಳಲ್ಲಿ ಎರೆಯಿಟ್ಟ ಕ್ಯಾಮೆರಾಗಳಿಂದ ನಡೆದು 2020ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಸುಮಾರು ಐದನೇ ಒಂದು ಪಾಲು ದಿಬ್ಬಗಳಲ್ಲಿ ಶಾರ್ಕು ಕಾಣಿಸಲೇ ಇಲ್ಲ. ಶಾರ್ಕುಧಾಮಗಳಿರುವ ದೇಶಗಳ ಸ್ಥಿತಿ ಮಾತ್ರ ಉತ್ತಮವಾಗಿತ್ತು. ಮಾಲ್ಡೀವ್ಸಿನ ದಕ್ಷಿಣದ ಫುವಾಮುಲಾ ದ್ವೀಪ ಇಂದು ಹುಲಿ ಶಾರ್ಕುಗಳಿಂದಲೇ ಪ್ರಸಿದ್ಧ. ಇತ್ತ ಗಾಳಕ್ಕೆ ಬಿದ್ದ ಮೀನನ್ನು ಶಾರ್ಕು ಅರ್ಧ ಕಚ್ಚಿಕೊಂಡು ಹೋಗುತ್ತದೆ ಎಂಬ ದೂರು ಮೀನುಗಾರರಿಂದ ಹೆಚ್ಚುತ್ತ ಬಂದಿದೆ. 2021ರಲ್ಲಿ ನಿಷೇಧ ಸಡಿಲಿಸುವ ಮಾತು ಕೇಳಿಬಂದು, ವಿರೋಧದ ಮುಂದೆ ಸರ್ಕಾರ ಹಿಂದೆ ಸರಿಯಿತು. 2025ರಲ್ಲಿ ಗಲ್ಪರ್ ಶಾರ್ಕಿನ ಮೀನುಗಾರಿಕೆಯನ್ನು ಮತ್ತೆ ತೆರೆಯಲು ಅದು ಮುಂದಾಯಿತು. ಎಲ್ಲಕ್ಕಿಂತ ಬೇಗ ಕುಸಿದ ಜಾತಿ ಅದು. ಮುಳುಗುಗಾರರು ಇಳಿಯಲಾಗದ ಆಳದಲ್ಲಿರುವುದರಿಂದ ಅದನ್ನು ನೋಡಲೆಂದು ಹಣ ಕೊಟ್ಟ ಪ್ರವಾಸಿಗನೂ ಇಲ್ಲ.