ಕೌದಿ ಹೊಲಿಗೆಯ ಸಂಚಿ

ಹಳೆಯ ಬಟ್ಟೆಯ ಪದರಗಳನ್ನು ಒಂದರ ಮೇಲೊಂದಿಟ್ಟು, ಓಟದ ಹೊಲಿಗೆ ಹಾಕಿ ಮನೆಯಲ್ಲೇ ಹೊಲಿದುಕೊಳ್ಳುವ ಸಣ್ಣ ಚೀಲ. ಕೌದಿಯ ಕಸುಬನ್ನೇ ಕಿರಿದು ಮಾಡಿದ್ದು. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಅಡಿಕೆ, ತೆಂಗಿನ ತೋಟಗಳ ಸೀಮೆ. ಇಲ್ಲಿ ಸಂಚಿ ಎಂದರೆ ಮೊದಲು ನೆನಪಾಗುವುದು ಎಲೆಯಡಿಕೆ.

ಈ ಪುಟ್ಟ ವಸ್ತುವಿಗೆ ಸಾಹಿತ್ಯದಲ್ಲೂ ಜಾಗವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ತಾಂಬೂಲದ ಊಳಿಗದಲ್ಲಿದ್ದ, ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಇಂದಿಗೂ ಸಂಚಿ ಹೊನ್ನಮ್ಮನೇ.

ಹೊಲಿಯುವಾಗ ಮೇಲಕ್ಕೆ ಗಟ್ಟಿ ಬಟ್ಟೆ, ನಡುವೆ ತೊಳೆದು ಮೆತ್ತಗಾದ ಸೀರೆ ಅಥವಾ ಪಂಚೆ, ಒಳಗೆ ಅಸ್ತರು. ಪದರಗಳನ್ನು ಮೊದಲು ಹೊಲಿದು ಆಮೇಲೆ ಅಳತೆಗೆ ಕತ್ತರಿಸಬೇಕು. ಹೊಲಿಗೆ ಬಿದ್ದಂತೆಲ್ಲ ಬಟ್ಟೆ ಕುಗ್ಗುತ್ತದೆ. ಮೊದಲೇ ಕತ್ತರಿಸಿದರೆ ಚೀಲ ಗಿಡ್ಡ. ಹೊಸ ಹತ್ತಿಬಟ್ಟೆಯನ್ನು ಒಮ್ಮೆ ನೀರಿಗೆ ಹಾಕಿಯೇ ತೊಡಗುವುದು ಜಾಣತನ. ಮೂಲೆಯಲ್ಲಿ ಆರೇಳು ಪದರ ಸೇರಿದಾಗ ಹೊಲಿಗೆ ಯಂತ್ರ ತಡವರಿಸುತ್ತದೆ. ಆಗ 16ನೇ ನಂಬರಿನ ಸೂಜಿ ಹಾಕಿ, ಪೆಡಲಿನಿಂದ ಕಾಲು ತೆಗೆದು, ಚಕ್ರವನ್ನು ಕೈಯಲ್ಲೇ ತಿರುಗಿಸಿ ನಾಲ್ಕು ಹೊಲಿಗೆ ದಾಟಿಸುತ್ತಾರೆ.

ಎಲೆಗೆ ಅಗಲ ಜೇಬು, ಅಡಿಕೆಗೆ ಆಳದ್ದು, ಸುಣ್ಣದ ಡಬ್ಬಿಗೆ ಬೇರೆಯದೇ: ಸುಣ್ಣ ಸೋರಿದರೆ ಬಟ್ಟೆ ಬಿಳಿಗಟ್ಟುತ್ತದೆ. ಬಾಯಿಗೆ ಎಳೆದು ಬಿಗಿಯುವ ದಾರ. ಜಿಪ್ ಚೆಂದವೇನೋ ಹೌದು, ಆದರೆ ದಾರ ಕಿತ್ತರೆ ಮನೆಯಲ್ಲೇ ಪೋಣಿಸಿಕೊಳ್ಳಬಹುದು.

ಲಂಬಾಣಿ ತಾಂಡಾಗಳ ಚೀಲಗಳಲ್ಲಿ ಕನ್ನಡಿ, ಕವಡೆಗಳೂ ಕೂಡುತ್ತವೆ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈಗ ಕೌದಿಯ ಪದರದ ಹೊಲಿಗೆ ಮೊಬೈಲ್ ಚೀಲ, ಪೆನ್ಸಿಲ್ ಪೌಚುಗಳಿಗೂ ಒದಗುತ್ತಿದೆ.