ಕ್ವಾರೆಂತೆನಾ: ನಲವತ್ತರ ಲೆಕ್ಕ

ಸ್ಪ್ಯಾನಿಷ್‌ನಲ್ಲಿ ‘ಕ್ವಾರೆಂತಾ’ ಎಂದರೆ ನಲವತ್ತು. ಅದರಿಂದ ಬಂದ ‘ಕ್ವಾರೆಂತೆನಾ’, ಇಂಗ್ಲಿಷಿನ ಕ್ವಾರಂಟೈನ್‌ಗೆ ಒಡಹುಟ್ಟಿದ್ದು. ಪ್ಲೇಗಿನ ಭಯಕ್ಕೆ 1377ರಲ್ಲಿ ರಗೂಸಾ, ಅಂದರೆ ಇಂದಿನ ಡುಬ್ರೊವ್ನಿಕ್, ರೋಗವಿದ್ದ ಊರುಗಳಿಂದ ಬಂದವರನ್ನು 30 ದಿನ ಹೊರಗೇ ತಡೆದಿತ್ತು. ಮುಂದೆ ಅದು 40 ಆಯಿತು. ವೆನಿಸ್‌ನವರ ಬಾಯಲ್ಲಿ ಹೆಸರೂ ಅಂಟಿಕೊಂಡಿತು. ಕೋವಿಡ್ ಬಂದಾಗ 14 ದಿನದ ‘ನಲವತ್ತು’ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ!

ಅನುವಾದಕರಿಗೆ ತೊಡಕಿರುವುದು ಹೆರಿಗೆ ವಾರ್ಡಿನಲ್ಲಿ. ಮೆಕ್ಸಿಕೊ ಮುಂತಾದೆಡೆ ಹೆರಿಗೆಯ ನಂತರದ 40 ದಿನಗಳ ಆರೈಕೆಗೂ ಇದೇ ಹೆಸರು, ನಮ್ಮ ಬಾಣಂತನದ ಹಾಗೆ. ‘ನೀವು ಕ್ವಾರೆಂತೆನಾದಲ್ಲಿದ್ದೀರಾ?’ ಎಂದು ನರ್ಸ್ ಕೇಳಿದರೆ, ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ‘ಹೌದು’ ಎಂದಾಳು. ಸೋಂಕಿನ ಯೋಚನೆಯೇ ಅವಳಿಗೆ ಬಂದಿರುವುದಿಲ್ಲ.

ಸೋಂಕಿತರ ಹತ್ತಿರವಿದ್ದೂ ಲಕ್ಷಣ ಕಾಣಿಸದವರಿಗೆ ಕ್ವಾರೆಂತೆನಾ; ಸೋಂಕು ತಗುಲಿದವರಿಗೆ ‘ಐಸ್ಲಮಿಯೆಂತೊ’. ಈ ಪದದ ಹೊಟ್ಟೆಯಲ್ಲಿ ‘ಇಸ್ಲಾ’ ಇದೆ, ದ್ವೀಪ. ಚೆಂದದ ಪದವೇ. ಆದರೆ ವಿದ್ಯುತ್ ತಂತಿಯ ಹೊದಿಕೆಗೂ ಮನೆಯ ಗೋಡೆಯೊಳಗೆ ಶಾಖ ತಡೆಯಲು ತುಂಬುವ ವಸ್ತುವಿಗೂ ಅದೇ ಸಲ್ಲುತ್ತದೆ. ಇನ್ನು ಸೋಂಕು ಹರಡುವ ಬಗೆ ತಿಳಿಯಲೆಂದು ರೋಗಿಯ ಕೋಣೆಯ ಬಾಗಿಲಿಗೆ ತೂಗುಹಾಕುವ ಫಲಕದಲ್ಲಿ ‘ಐಸ್ಲಮಿಯೆಂತೊ ದೆ ಕೊಂತಾಕ್ತೊ’ ಎಂದು ‘ಸಂಪರ್ಕ’ವನ್ನೂ ಸೇರಿಸುತ್ತಾರೆ, ಪಕ್ಕದಲ್ಲೇ ಕೈಗವಸು, ಗೌನುಗಳ ಚಿತ್ರ.